ಮನುಕುಲದ ನರಮೇಧಗಳು: ಇತಿಹಾಸ ಕಲಿಸುವ ಪಾಠ

ಇತಿಹಾಸ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು ಮತ್ತು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಇಸವಿಗಳು. ಯುದ್ಧದಲ್ಲಿ ಸೈನಿಕರು ಸೈನಿಕರೊಡನೆ ಕಾದಾಡುತ್ತಾರೆ. ಆದರೆ ಮನುಷ್ಯನ ಚರಿತ್ರೆಯಲ್ಲಿ ಇದಕ್ಕಿಂತ ಭೀಕರವಾದ ಇನ್ನೊಂದು ಅಧ್ಯಾಯವಿದೆ. ಕೈಯಲ್ಲಿ ಆಯುಧವಿಲ್ಲದ ಮುದುಕರು, ಹೆಂಗಸರು, ತೊಟ್ಟಿಲ ಕೂಸುಗಳು ಯಾವ ತಪ್ಪನ್ನೂ ಮಾಡದೆ, ಕೇವಲ ಒಂದು ಜನಾಂಗದಲ್ಲಿ ಅಥವಾ ಒಂದು ಧರ್ಮದಲ್ಲಿ ಹುಟ್ಟಿದ್ದಕ್ಕಾಗಿ ಕೊಲೆಯಾದ ಅಧ್ಯಾಯವದು. ಇದನ್ನು ನಾವು ನರಮೇಧ ಅಥವಾ ಜನಾಂಗಹತ್ಯೆ ಎಂದು ಕರೆಯುತ್ತೇವೆ.

ತರಗತಿಯಲ್ಲಿ ಈ ವಿಷಯ ಬಂದಾಗಲೆಲ್ಲ ಮಕ್ಕಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಟೀಚರ್, ಸತ್ತವರಲ್ಲಿ ನಮ್ಮವರು ಎಷ್ಟು ಜನ?" ಪ್ರಶ್ನೆ ಕೇಳುವ ಮಗುವಿನಲ್ಲಿ ಕೆಟ್ಟತನವಿಲ್ಲ. ಆದರೆ ಈ ಪ್ರಶ್ನೆಗೆ ನಾವು ಹೇಗೆ ಉತ್ತರಿಸುತ್ತೇವೆ ಎಂಬುದರ ಮೇಲೆ ಆ ಮಗು ಮುಂದೆ ಎಂತಹ ಮನುಷ್ಯನಾಗುತ್ತಾನೆ ಎಂಬುದು ನಿಂತಿದೆ. ನಮ್ಮವರು ಸತ್ತ ಕಥೆಗಳನ್ನು ಮಾತ್ರ ಹೇಳಿದರೆ ಅವನು ಸೇಡನ್ನು ಕಲಿಯುತ್ತಾನೆ. ನಮ್ಮವರೆನಿಸಿಕೊಂಡವರು ಕೊಂದ ಕಥೆಗಳನ್ನೂ ಹೇಳಿದರೆ ನ್ಯಾಯವನ್ನು ಕಲಿಯುತ್ತಾನೆ. ಯಾವುದೇ ಜನರ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖರನ್ನಾಗಿ ಮಾಡಬಾರದು ಎಂಬುದು ಸೂರಃ ಅಲ್ ಮಾಇದಃದ 8ನೆಯ ವಚನದ ಆಶಯವೂ ಹೌದು. ಆ ದೃಷ್ಟಿಯಿಂದ ಈ ಲೇಖನದಲ್ಲಿ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ಹಾಕೋಣ.

ಒಂದು ಪದದ ಚರಿತ್ರೆ

ಇಂದು ಜಗತ್ತೆಲ್ಲ ಬಳಸುವ 'ಜೆನೊಸೈಡ್' ಎಂಬ ಪದಕ್ಕೆ ಇನ್ನೂ ನೂರು ವರ್ಷವೂ ಆಗಿಲ್ಲ. ಇದನ್ನು ಸೃಷ್ಟಿಸಿದವರು ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್‌ಕಿನ್. ಜನಾಂಗ ಎಂಬ ಅರ್ಥದ ಗ್ರೀಕ್ ಪದಕ್ಕೆ ಕೊಲೆ ಎಂಬ ಅರ್ಥದ ಲ್ಯಾಟಿನ್ ಪ್ರತ್ಯಯವನ್ನು ಸೇರಿಸಿ, 1944ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಇದನ್ನು ಬಳಸಿದರು.

ಲೆಮ್‌ಕಿನ್ ವಿದ್ಯಾರ್ಥಿಯಾಗಿದ್ದಾಗ, 1921ರಲ್ಲಿ, ಬರ್ಲಿನ್ ನಗರದಲ್ಲಿ ಒಬ್ಬ ಅರ್ಮೇನಿಯನ್ ಯುವಕನು ಉಸ್ಮಾನಿಯಾ ಸಾಮ್ರಾಜ್ಯದ ಮಾಜಿ ಮಂತ್ರಿ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದನು. ತನ್ನ ಜನರ ಸಾವಿಗೆ ಈತನೇ ಕಾರಣ ಎಂಬುದು ಆ ಯುವಕನ ವಾದವಾಗಿತ್ತು. ಲೆಮ್‌ಕಿನ್ ತಮ್ಮ ಪ್ರಾಧ್ಯಾಪಕರನ್ನು ಕೇಳಿದರು: ಒಬ್ಬನನ್ನು ಕೊಂದರೆ ಅಪರಾಧ, ಹತ್ತು ಲಕ್ಷ ಜನರನ್ನು ಕೊಂದವನನ್ನು ಹಿಡಿಯಲು ಕಾನೂನೇ ಇಲ್ಲವೇ? ಪ್ರಾಧ್ಯಾಪಕರು ಕೋಳಿ ಸಾಕುವವನ ಉದಾಹರಣೆ ಕೊಟ್ಟರು. ಅವನು ತನ್ನ ಕೋಳಿಗಳನ್ನು ಕೊಂದರೆ ಬೇರೆಯವರು ಕೇಳುವಂತಿಲ್ಲ, ಹಾಗೆಯೇ ಒಂದು ದೇಶದ ಸರ್ಕಾರ ತನ್ನ ಪ್ರಜೆಗಳಿಗೆ ಏನು ಮಾಡಿದರೂ ಹೊರಗಿನವರು ಪ್ರಶ್ನಿಸುವಂತಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಈ ಉತ್ತರ ಲೆಮ್‌ಕಿನ್‌ರನ್ನು ಜೀವನವಿಡೀ ಕಾಡಿತು. ಮುಂದೆ ನಾಜಿಗಳ ಕೈಯಲ್ಲಿ ಅವರ ಬಂಧುಗಳ ಪೈಕಿ 49 ಮಂದಿ ಸತ್ತರು.

ಅವರ ಪ್ರಯತ್ನದ ಫಲವಾಗಿ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯು ಜನಾಂಗಹತ್ಯೆ ತಡೆ ಒಪ್ಪಂದವನ್ನು ಅಂಗೀಕರಿಸಿತು. ಭಾರತವು 1959ರಲ್ಲಿ ಇದನ್ನು ಸ್ಥಿರೀಕರಿಸಿತು, ಅಮೆರಿಕ ಸ್ಥಿರೀಕರಿಸಿದ್ದು 1988ರಲ್ಲಿ. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಸಮುದಾಯವನ್ನು ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶದಿಂದ ಕೊಲ್ಲುವುದು, ದೇಹಕ್ಕೆ ಅಥವಾ ಮನಸ್ಸಿಗೆ ತೀವ್ರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿಗೆ ದೂಡುವುದು, ಮಕ್ಕಳಾಗದಂತೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಸಮುದಾಯಕ್ಕೆ ಸಾಗಿಸುವುದು — ಈ ಐದೂ ಅದರ ಪ್ರಕಾರ ಜನಾಂಗಹತ್ಯೆ. ಇಲ್ಲಿ 'ಉದ್ದೇಶ' ಎಂಬ ಪದವೇ ಮುಖ್ಯ. ಅದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಕಷ್ಟವಾದ್ದರಿಂದ ಅನೇಕ ಘೋರ ಕೃತ್ಯಗಳು ಈ ಹೆಸರಿನಿಂದ ತಪ್ಪಿಸಿಕೊಂಡಿವೆ.

ಪ್ರಾಚೀನ ಹಾಗೂ ಮಧ್ಯಯುಗದ ಪುಟಗಳು

ಪದ ಹೊಸದಾದರೂ ಕೃತ್ಯ ಹಳೆಯದು. ಕ್ರಿ.ಪೂ. 416ರಲ್ಲಿ, ಪ್ರಜಾಪ್ರಭುತ್ವದ ತೊಟ್ಟಿಲೆಂದು ನಾವು ಹೊಗಳುವ ಅಥೆನ್ಸ್ ನಗರವು ಮೆಲೋಸ್ ಎಂಬ ಪುಟ್ಟ ದ್ವೀಪದ ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜ್ ನಗರವನ್ನು ಸುಟ್ಟು, ಉಳಿದ ಸುಮಾರು 50,000 ಜನರನ್ನು ಗುಲಾಮಗಿರಿಗೆ ತಳ್ಳಿದರು.

ನಮ್ಮ ದೇಶದ ಕಳಿಂಗ ಯುದ್ಧದ ವಿಷಯ ಎಲ್ಲರಿಗೂ ತಿಳಿದದ್ದೇ. ಒಂದು ಲಕ್ಷ ಜನರ ಹತ್ಯೆಯಾಯಿತು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂದು ಸ್ವತಃ ಅಶೋಕನೇ ತನ್ನ 13ನೆಯ ಶಿಲಾಶಾಸನದಲ್ಲಿ ಬರೆಸಿದ್ದಾನೆ. ಗೆದ್ದ ಅರಸನೊಬ್ಬ ತಾನು ಕೊಂದವರ ಲೆಕ್ಕವನ್ನು ಪಶ್ಚಾತ್ತಾಪದಿಂದ ಕಲ್ಲಿನಲ್ಲಿ ಕೆತ್ತಿಸಿದ ಉದಾಹರಣೆ ಚರಿತ್ರೆಯಲ್ಲಿ ತೀರಾ ಅಪರೂಪ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಅಶೋಕನ 12 ಮತ್ತು 14ನೆಯ ಶಾಸನಗಳ ಭಾಗಗಳು ದೊರೆತಿವೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು 12ನೆಯ ಶಾಸನದ ಸಾರ. ಕಳಿಂಗದ ರಕ್ತಪಾತವನ್ನು ಕಂಡವನು ಆಡಿದ ಈ ಮಾತು ನಮ್ಮ ನಾಡಿನ ಮಣ್ಣಿನಲ್ಲೇ ಸಿಕ್ಕಿರುವುದು ನಾವು ಮಕ್ಕಳಿಗೆ ತೋರಿಸಬೇಕಾದ ಸಂಗತಿ.

ಇನ್ನು 1258ರ ಬಾಗ್ದಾದ್. ಐದು ಶತಮಾನಗಳ ಕಾಲ ಅಬ್ಬಾಸಿ ಖಿಲಾಫತ್ತಿನ ಪ್ರಮುಖ ರಾಜಧಾನಿಯಾಗಿ, ವಿದ್ಯೆಯ ಕೇಂದ್ರವಾಗಿ ಮೆರೆದ ನಗರವು ಫೆಬ್ರವರಿಯಲ್ಲಿ ಮಂಗೋಲ್ ದೊರೆ ಹುಲಾಗು ಖಾನನ ಕೈಗೆ ಬಿತ್ತು. ಖಲೀಫ ಮುಸ್ತಅಸಿಮ್ ಕೊಲೆಯಾದರು. ಸತ್ತವರ ಸಂಖ್ಯೆಯ ಬಗ್ಗೆ ಲೆಕ್ಕಗಳು ಹತ್ತಾರು ಸಾವಿರದಿಂದ ಹಲವು ಲಕ್ಷದವರೆಗೆ ಬೇರೆ ಬೇರೆಯಾಗಿವೆ. ಗ್ರಂಥಾಲಯಗಳು ನಾಶವಾದವು. ಪುಸ್ತಕಗಳ ಶಾಯಿಯಿಂದ ಟೈಗ್ರಿಸ್ ನದಿ ಕಪ್ಪಾಗಿ ಹರಿಯಿತೆಂಬ ಮಾತು ಇಂದಿಗೂ ಜನಜನಿತ. ಶೀರಾಜಿನ ಕವಿ ಸಾದಿ ಈ ದುರಂತಕ್ಕೆ ಮರ್ಸಿಯಾ ಬರೆದರು. ಆದರೆ ಹುಲಾಗುವಿನ ಸೇನೆಯ ಜೊತೆ ಕೆಲವು ಮುಸ್ಲಿಂ ಅರಸರು ಕಳಿಸಿದ ತುಕಡಿಗಳೂ ಇದ್ದವು ಎಂಬ ಕಹಿ ಸತ್ಯವನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಅದೇ ಹುಲಾಗುವಿನ ಮರಿಮಗ ಗಾಜಾನ್ ಖಾನ್ 1295ರಲ್ಲಿ ಇಸ್ಲಾಂ ಸ್ವೀಕರಿಸಿದನು ಎಂಬುದೂ ಚರಿತ್ರೆಯೇ. ಕೊಂದವರ ವಂಶವನ್ನು ಶಾಶ್ವತವಾಗಿ ಶತ್ರು ಎಂದು ಬರೆದಿಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ವಸಾಹತುಗಳ ಕಾಲ

ಯುರೋಪಿನವರು ಅಮೆರಿಕ ಖಂಡವನ್ನು ತಲುಪಿದ ಮೇಲೆ ಅಲ್ಲಿನ ಮೂಲನಿವಾಸಿಗಳು ಕತ್ತಿಯಿಂದ, ಗುಲಾಮಗಿರಿಯಿಂದ, ಹೊಸ ಸಾಂಕ್ರಾಮಿಕ ರೋಗಗಳಿಂದ ಕೋಟಿಗಟ್ಟಲೆ ಸಂಖ್ಯೆಯಲ್ಲಿ ನಾಶವಾದರು. ಇದನ್ನು ಕಣ್ಣಾರೆ ಕಂಡು ಪ್ರತಿಭಟಿಸಿ ಬರೆದವರು ಸ್ಪೇನಿನ ಪಾದ್ರಿಯೇ ಆದ ಬಾರ್ತಲೋಮೆ ದೆ ಲಾಸ್ ಕಾಸಾಸ್. ಅವರ ವರದಿ 1552ರಲ್ಲಿ ಪ್ರಕಟವಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ಜನಾಂಗಹತ್ಯೆ ನಡೆದದ್ದು ಆಫ್ರಿಕದಲ್ಲಿ, ಇಂದಿನ ನಮೀಬಿಯಾ ದೇಶದಲ್ಲಿ. ಜರ್ಮನ್ ಆಳ್ವಿಕೆಯ ವಿರುದ್ಧ ಹೆರೆರೊ ಜನರು ದಂಗೆಯೆದ್ದಾಗ ಸೇನಾಧಿಪತಿ ಫಾನ್ ಟ್ರೋಥಾ 1904ರ ಅಕ್ಟೋಬರ್ 2ರಂದು ಅವರನ್ನು ನಿರ್ಮೂಲ ಮಾಡುವ ಆಜ್ಞೆ ಹೊರಡಿಸಿದನು. ಓಮಾಹೆಕೆ ಮರುಭೂಮಿಗೆ ಅವರನ್ನು ಅಟ್ಟಿ, ನೀರಿನ ಸೆಲೆಗಳಿಗೆ ಕಾವಲು ಹಾಕಲಾಯಿತು. ಹತ್ತಾರು ಸಾವಿರ ಜನ ಬಾಯಾರಿ ಸತ್ತರು. ನಾಮಾ ಜನಾಂಗದ ಅರ್ಧದಷ್ಟು ಜನ ನಾಶವಾದರು. ಸತ್ತವರ ತಲೆಬುರುಡೆಗಳನ್ನು 'ಸಂಶೋಧನೆ'ಗೆಂದು ಜರ್ಮನಿಗೆ ಸಾಗಿಸಲಾಯಿತು. ಇದು ಜನಾಂಗಹತ್ಯೆ ಎಂದು ಜರ್ಮನಿಯ ಸರ್ಕಾರ ಒಪ್ಪಿಕೊಂಡದ್ದು 2021ರಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ನಂತರ.

ನಾವು ಓದಲು ಹಿಂಜರಿಯುವ ಪುಟ

ಮೊದಲ ಮಹಾಯುದ್ಧದ ಕಾಲ. 1915ರ ಏಪ್ರಿಲ್ 24ರಂದು ಇಸ್ತಾಂಬುಲ್ ನಗರದಲ್ಲಿ ಅರ್ಮೇನಿಯನ್ ಕ್ರೈಸ್ತ ಸಮುದಾಯದ ಲೇಖಕರು, ವೈದ್ಯರು, ಮುಖಂಡರನ್ನು ಬಂಧಿಸಲಾಯಿತು. ನಂತರ ಅನಾತೋಲಿಯದ ಊರೂರುಗಳಿಂದ ಅರ್ಮೇನಿಯನ್ನರನ್ನು ಸಿರಿಯಾದ ಮರುಭೂಮಿಯ ಕಡೆಗೆ ಗಡಿಪಾರು ಮಾಡಲಾಯಿತು. ದಾರಿಯಲ್ಲಿ ಕೊಲೆ, ಹಸಿವು, ರೋಗಗಳಿಂದ ಸತ್ತವರು ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಎಂದು ಅಂದಾಜಿಸುತ್ತಾರೆ. ಇದನ್ನು ಜನಾಂಗಹತ್ಯೆ ಎಂದು ಕರೆಯುವುದನ್ನು ತುರ್ಕಿ ದೇಶ ಒಪ್ಪುವುದಿಲ್ಲ. ಆದರೆ ಈ ವಿಷಯದ ಹೆಚ್ಚಿನ ಇತಿಹಾಸಕಾರರು ಇದನ್ನು ಜನಾಂಗಹತ್ಯೆ ಎಂದೇ ಪರಿಗಣಿಸುತ್ತಾರೆ.

ಖಿಲಾಫತ್ ಚಳವಳಿಯ ನೆನಪಿರುವ ನಮ್ಮ ಸಮಾಜದಲ್ಲಿ ಈ ಪುಟವನ್ನು ಯಾರೂ ತೆರೆಯುವುದಿಲ್ಲ. ತೆರೆದು ನೋಡಿದರೆ ಕಾಣುವುದು ಅಪರಾಧ ಮಾತ್ರವಲ್ಲ, ಅದನ್ನು ಧಿಕ್ಕರಿಸಿದ ಮುಸ್ಲಿಮರೂ ಕಾಣುತ್ತಾರೆ. ಅಲೆಪ್ಪೊ ಮತ್ತು ಕೊನ್ಯಾದ ಗವರ್ನರ್ ಆಗಿದ್ದ ಮೆಹಮೆತ್ ಜೆಲಾಲ್ ಬೇ ಗಡಿಪಾರಿನ ಆಜ್ಞೆಯನ್ನು ಪಾಲಿಸಲು ಒಪ್ಪದೆ ಹುದ್ದೆ ಕಳೆದುಕೊಂಡರು. ಕುತಾಹ್ಯಾದ ಅಧಿಕಾರಿ ಫಾಯಿಕ್ ಅಲಿ ಬೇ ತಮ್ಮ ಪ್ರಾಂತದ ಅರ್ಮೇನಿಯನ್ನರನ್ನು ಕಳಿಸಲಿಲ್ಲ. ಲೀಜೆಯ ಅಧಿಕಾರಿ ಹುಸೇನ್ ನೆಸಿಮಿ ಹೀಗೆ ವಿರೋಧಿಸಿದ್ದಕ್ಕಾಗಿ ಪ್ರಾಣವನ್ನೇ ತೆತ್ತರು. ಮಕ್ಕಾದ ಶರೀಫ್ ಹುಸೇನ್ 1917ರಲ್ಲಿ ಅರ್ಮೇನಿಯನ್ ನಿರಾಶ್ರಿತರನ್ನು ತಮ್ಮವರಂತೆ ಕಾಪಾಡಬೇಕೆಂದು ಫರ್ಮಾನು ಹೊರಡಿಸಿದರು. ಯುದ್ಧದ ನಂತರ, 1919ರಲ್ಲಿ, ಉಸ್ಮಾನಿಯಾ ಸಾಮ್ರಾಜ್ಯದ ನ್ಯಾಯಾಲಯವೇ ತಲಾತ್ ಪಾಷಾನಿಗೆ ಅವನ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತು. ಅಪರಾಧವನ್ನು ಮುಚ್ಚಿಟ್ಟರೆ ಈ ಧೀರರ ಹೆಸರೂ ಅದರೊಂದಿಗೆ ಮುಚ್ಚಿಹೋಗುತ್ತದೆ.

ವಿದ್ಯಾವಂತರ ಕೈಯಲ್ಲಾದ ಹತ್ಯೆ

ಹಿಟ್ಲರ್ 1933ರಲ್ಲಿ ಅಧಿಕಾರಕ್ಕೆ ಬಂದ ತಕ್ಷಣ ಅನಿಲ ಕೋಣೆಗಳು ಏಳಲಿಲ್ಲ. ಮೊದಲು ಯಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ ಬಂತು. ಸರ್ಕಾರಿ ನೌಕರಿಯಿಂದ ಅವರನ್ನು ತೆಗೆದರು. 1935ರ ನ್ಯೂರೆಂಬರ್ಗ್ ಕಾನೂನುಗಳಿಂದ ಪೌರತ್ವ ಹೋಯಿತು, ಇತರರೊಡನೆ ಮದುವೆ ನಿಷಿದ್ಧವಾಯಿತು. 1938ರ ನವೆಂಬರಿನಲ್ಲಿ ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಬಿತ್ತು. ಯುದ್ಧ ಆರಂಭವಾದ ಮೇಲೆ ಸಾಮೂಹಿಕ ಕೊಲೆಗಳು ಶುರುವಾದವು. 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನಗಳಲ್ಲಿ, ಕೀವ್ ನಗರದ ಬಾಬಿ ಯಾರ್ ಕಣಿವೆಯಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಈ ಅಂಕಿಯನ್ನು ಬರೆದಿಟ್ಟವರು ಕೊಂದವರೇ!

1942ರ ಜನವರಿ 20ರಂದು ಬರ್ಲಿನ್ ಸಮೀಪದ ವಾನ್‌ಸೀ ಎಂಬಲ್ಲಿ 15 ಮಂದಿ ಹಿರಿಯ ಅಧಿಕಾರಿಗಳು ಸೇರಿ, ಸುಮಾರು ಒಂದೂವರೆ ಗಂಟೆಯಲ್ಲಿ, ಯುರೋಪಿನ ಯಹೂದಿಗಳ ನಾಶದ ಏರ್ಪಾಟನ್ನು ಚರ್ಚಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಡಾಕ್ಟರೇಟ್ ಪಡೆದವರು. ಸಾವಿನ ಶಿಬಿರಗಳಿಗೆ ಜನರನ್ನು ತುಂಬಿದ ರೈಲುಗಳಿಗೆ ಜರ್ಮನ್ ರೈಲ್ವೆಯು ತಲಾ ಟಿಕೆಟ್ ದರ ಲೆಕ್ಕ ಹಾಕಿತ್ತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ, ನಾಲ್ಕು ವರ್ಷದೊಳಗಿನವರಿಗೆ ಉಚಿತ. ಒಟ್ಟು ಸುಮಾರು 60 ಲಕ್ಷ ಯಹೂದಿಗಳು ಸತ್ತರು. ಆಶ್‌ವಿಟ್ಜ್ ಒಂದರಲ್ಲೇ ಸುಮಾರು 11 ಲಕ್ಷ ಜನ. ರೋಮಾ ಅಲೆಮಾರಿ ಜನರೂ ಅಂಗವಿಕಲರೂ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬಲಿಯಾದರು. ಪದವಿ ಪಡೆದವರೆಲ್ಲ ಸುಶಿಕ್ಷಿತರು ಎಂಬ ನಮ್ಮ ನಂಬಿಕೆಯನ್ನು ಈ ಪುಟ ಬುಡಮೇಲು ಮಾಡುತ್ತದೆ.

ಇದೇ ಕಾಲದಲ್ಲಿ ಮುಸ್ಲಿಂ ಬಹುಸಂಖ್ಯಾತ ದೇಶವಾದ ಅಲ್ಬೇನಿಯ ಏನು ಮಾಡಿತು ಎಂಬುದನ್ನು ಎಷ್ಟು ಜನ ಬಲ್ಲರು? ಅಲ್ಲಿನ ಜನ 'ಬೆಸಾ' ಎಂಬ ತಮ್ಮ ಮಾತಿನ ನಿಷ್ಠೆಗೆ ಕಟ್ಟುಬಿದ್ದು ಮನೆಗೆ ಬಂದ ಯಹೂದಿಗಳನ್ನು ಬಚ್ಚಿಟ್ಟರು. ಯುದ್ಧದ ಮೊದಲು ಸುಮಾರು 200 ಯಹೂದಿಗಳಿದ್ದ ಆ ದೇಶದಲ್ಲಿ ಯುದ್ಧದ ಕೊನೆಗೆ ಸುಮಾರು 2,000 ಮಂದಿ ಜೀವಂತವಾಗಿದ್ದರು. ಪ್ಯಾರಿಸ್ಸಿನಲ್ಲಿದ್ದ ಇರಾನಿನ ರಾಜತಾಂತ್ರಿಕ ಅಬ್ದುಲ್ ಹುಸೇನ್ ಸರ್ದಾರಿ ಯಹೂದಿಗಳಿಗೆ ಪಾಸ್‌ಪೋರ್ಟ್ ಕೊಟ್ಟು ಉಳಿಸಿದರು. ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ವಂಶಕ್ಕೆ ಸೇರಿದ ನೂರ್ ಇನಾಯತ್ ಖಾನ್ ಎಂಬ ತರುಣಿ ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಲು 1943ರಲ್ಲಿ ವೈರ್‌ಲೆಸ್ ಯಂತ್ರದೊಂದಿಗೆ ಫ್ರಾನ್ಸಿಗೆ ಇಳಿದರು. ಸೆರೆಸಿಕ್ಕು, ಸಹಚರರ ಹೆಸರು ಹೇಳದೆ, 1944ರ ಸೆಪ್ಟೆಂಬರ್ 13ರಂದು ಡಕಾವ್ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು 30. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರನ್ನು ನಾವು ಹೇಳಿಕೊಡಬೇಕು.

ಭಾಷೆಯ ಹೆಸರಿನಲ್ಲಿ: ಢಾಕಾ, 1971

ಉರ್ದು ಕಲಿಸುವವರು ತಪ್ಪದೆ ಓದಬೇಕಾದ ಅಧ್ಯಾಯವೊಂದಿದೆ. ಪಾಕಿಸ್ತಾನ ಹುಟ್ಟಿದ ಮೇಲೆ ಬಹುಸಂಖ್ಯಾತ ಬಂಗಾಳಿಗಳ ಮೇಲೆ ಉರ್ದುವನ್ನು ಏಕೈಕ ರಾಷ್ಟ್ರಭಾಷೆಯಾಗಿ ಹೇರುವ ಯತ್ನ ನಡೆಯಿತು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಇಂದು ಜಗತ್ತು ಆಚರಿಸುವ ಮಾತೃಭಾಷಾ ದಿನ ಅದೇ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೊಂದಿತು. ಮುಂದಿನ ಒಂಬತ್ತು ತಿಂಗಳಲ್ಲಿ ಸತ್ತವರು ಮೂರು ಲಕ್ಷದಿಂದ ಮೂವತ್ತು ಲಕ್ಷ ಎಂಬ ಭಿನ್ನ ಅಂದಾಜುಗಳಿವೆ. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಹಿಂದೂಗಳನ್ನು ವಿಶೇಷವಾಗಿ ಗುರಿ ಮಾಡಲಾಯಿತು, ಮುಸ್ಲಿಮರೂ ಅಪಾರ ಸಂಖ್ಯೆಯಲ್ಲಿ ಸತ್ತರು. ಡಿಸೆಂಬರ್ 14ರಂದು, ಸೋಲಿಗೆ ಎರಡೇ ದಿನ ಮೊದಲು, ಬಂಗಾಳಿ ಬುದ್ಧಿಜೀವಿಗಳನ್ನು ಮನೆಗಳಿಂದ ಎಳೆದೊಯ್ದು ಕೊಂದರು.

ಅದೇ ಸಮಯದಲ್ಲಿ ಉರ್ದು ಮಾತನಾಡುವ ಬಿಹಾರಿಗಳನ್ನೂ ಗುಂಪುಗಳು ಕೊಂದವು. ಉಳಿದವರು ದಶಕಗಳ ಕಾಲ ಯಾವ ದೇಶಕ್ಕೂ ಸೇರದವರಾಗಿ ಶಿಬಿರಗಳಲ್ಲಿ ಕೊಳೆತರು. ಅವರಿಗೆ ಪೌರತ್ವದ ಹಕ್ಕಿದೆ ಎಂದು ಢಾಕಾದ ಹೈಕೋರ್ಟ್ ತೀರ್ಪು ಕೊಟ್ಟದ್ದು 2008ರಲ್ಲಿ. ಧರ್ಮ ಒಂದೇ ಆಗಿದ್ದರೂ ಭಾಷೆಯ ದುರಭಿಮಾನ ಎಷ್ಟು ದೂರ ಕೊಂಡೊಯ್ಯಬಲ್ಲುದು ಎಂಬುದಕ್ಕೆ ಇದು ಸಾಕ್ಷಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎಂದು ಎರಡನ್ನೂ ಪ್ರೀತಿಸಿ ಬೆಳೆಯುವ ನಮ್ಮ ಮಕ್ಕಳಿಗೆ ಯಾವ ಭಾಷೆಯೂ ಇನ್ನೊಂದರ ಶತ್ರುವಲ್ಲ ಎಂದು ಹೇಳಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಶಾಲೆಯೇ ಸೆರೆಮನೆಯಾದಾಗ

ಕಾಂಬೋಡಿಯಾದಲ್ಲಿ 1975ರ ಏಪ್ರಿಲ್ 17ರಿಂದ 1979ರ ಜನವರಿ 7ರವರೆಗೆ ನಡೆದ ಪೋಲ್ ಪಾಟ್ ಆಡಳಿತದಲ್ಲಿ ಸುಮಾರು 17 ರಿಂದ 20 ಲಕ್ಷ ಜನ, ಅಂದರೆ ದೇಶದ ಜನಸಂಖ್ಯೆಯ ಕಾಲುಭಾಗದಷ್ಟು ಜನ, ಕೊಲೆ, ಹಸಿವು, ದುಡಿತಗಳಿಂದ ಸತ್ತರು. ಓದು ಬರಹ ಬಲ್ಲವರೇ ಶತ್ರುಗಳಾದರು. ಚಾಮ್ ಮುಸ್ಲಿಮರ ಮಸೀದಿಗಳನ್ನು ಮುಚ್ಚಿ, ಅವರ ಭಾಷೆ, ಉಡುಪು, ಹೆಸರುಗಳನ್ನೂ ನಿಷೇಧಿಸಿ ಕೊಲ್ಲಲಾಯಿತು. ರಾಜಧಾನಿಯ ಒಂದು ಹೈಸ್ಕೂಲನ್ನೇ ತುವೊಲ್ ಸ್ಲೆಂಗ್ ಎಂಬ ಸೆರೆಮನೆಯಾಗಿ ಮಾರ್ಪಡಿಸಿದರು. ಕನಿಷ್ಠ 12,000 ಜನ ಅಲ್ಲಿಂದ ಸಾವಿಗೆ ಹೋದರು. ಅದರ ಮುಖ್ಯಸ್ಥ ಡೂಕ್ ಎಂಬವನು ಮೊದಲು ಗಣಿತದ ಅಧ್ಯಾಪಕ. ಪೋಲ್ ಪಾಟ್ ಸ್ವತಃ ಒಂದು ಕಾಲದಲ್ಲಿ ಶಿಕ್ಷಕನಾಗಿದ್ದವನು. ಚಾಮ್ ಜನರ ಜನಾಂಗಹತ್ಯೆಗಾಗಿ ಆ ಆಡಳಿತದ ಎರಡನೆಯ ನಾಯಕ ನುವೊನ್ ಚಿಯಾನಿಗೆ ಶಿಕ್ಷೆಯಾದದ್ದು 2018ರಲ್ಲಿ.

ರುವಾಂಡಾ: ಹಾಜರಿ ಕರೆದ ಶಾಲೆಗಳು

ಆಫ್ರಿಕದ ಪುಟ್ಟ ದೇಶ ರುವಾಂಡಾದಲ್ಲಿ ಹುಟು ಮತ್ತು ಟುಟ್ಸಿ ಎಂಬ ಎರಡು ಸಮುದಾಯಗಳಿದ್ದವು. ಭಾಷೆ ಒಂದೇ, ಹಳ್ಳಿಗಳು ಒಂದೇ, ಹೆಚ್ಚಿನವರ ಧರ್ಮವೂ ಒಂದೇ. 1930ರ ದಶಕದಲ್ಲಿ ಬೆಲ್ಜಿಯಂನ ವಸಾಹತು ಸರ್ಕಾರ ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಅವನು ಯಾವ ಸಮುದಾಯದವನೆಂದು ಬರೆಯಿಸಿತು. ಸ್ವಾತಂತ್ರ್ಯದ ನಂತರವೂ ಆ ಕಾಲಂ ಉಳಿಯಿತು. ಶಾಲೆಗಳಲ್ಲಿ ಶಿಕ್ಷಕರು ತರಗತಿಯ ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸಿ ಎಣಿಸುತ್ತಿದ್ದರು. ಮನೆಯಲ್ಲಿ ಈ ಭೇದವನ್ನೇ ಕೇಳಿರದ ಎಷ್ಟೋ ಮಕ್ಕಳಿಗೆ ತಾವು ಯಾರೆಂದು ಮೊದಲು ತಿಳಿದದ್ದು ಶಾಲೆಯ ಈ ಹಾಜರಿಯಲ್ಲಿ.

1990ರ ನಂತರ ಪತ್ರಿಕೆ ಮತ್ತು ರೇಡಿಯೋಗಳು ಟುಟ್ಸಿಗಳನ್ನು 'ಜಿರಲೆಗಳು' ಎಂದು ಕರೆಯತೊಡಗಿದವು. ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದ ಆರ್‌ಟಿಎಲ್‌ಎಂ ರೇಡಿಯೋದ ಸ್ಥಾಪಕರಲ್ಲಿ ಒಬ್ಬನಾದ ಫರ್ಡಿನಾಂಡ್ ನಹಿಮಾನಾ ಇತಿಹಾಸದ ಪ್ರಾಧ್ಯಾಪಕ! 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮರುಗಳಿಗೆಯಿಂದ ಹತ್ಯಾಕಾಂಡ ಶುರುವಾಯಿತು. ರಸ್ತೆ ರಸ್ತೆಗಳಲ್ಲಿ ಗುರುತಿನ ಚೀಟಿ ನೋಡಿ ಮಚ್ಚಿನಿಂದ ಕಡಿದರು. ನೆರೆಯವರು ನೆರೆಯವರನ್ನು ಕೊಂದರು. ಆಶ್ರಯಕ್ಕೆಂದು ಇಗರ್ಜಿಗಳಿಗೆ ಓಡಿದವರು ಅಲ್ಲೇ ಸತ್ತರು. ಮುರಾಂಬಿಯ ತಾಂತ್ರಿಕ ಶಾಲೆಯಲ್ಲಿ ಸೇರಿದ್ದ ಹತ್ತಾರು ಸಾವಿರ ಜನರನ್ನು ಅಲ್ಲೇ ಕೊಂದರು. ಸುಮಾರು 100 ದಿನಗಳಲ್ಲಿ ಸತ್ತವರು ಐದು ಲಕ್ಷದಿಂದ ಹತ್ತು ಲಕ್ಷ. ಕೊಲೆಗೆ ಒಪ್ಪದ ಹುಟುಗಳೂ ಅವರಲ್ಲಿದ್ದರು. ಜಗತ್ತು ಏನು ಮಾಡಿತು? ಏಪ್ರಿಲ್ 21ರಂದು, ಹತ್ಯೆ ಉಚ್ಛ್ರಾಯದಲ್ಲಿರುವಾಗ, ಭದ್ರತಾ ಮಂಡಳಿಯು ಅಲ್ಲಿದ್ದ ಶಾಂತಿಪಾಲನಾ ಪಡೆಯನ್ನು 270 ಜನರಿಗೆ ಇಳಿಸಲು ತೀರ್ಮಾನಿಸಿತು.

ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಜನಾಂಗಹತ್ಯೆಯ ಅಪರಾಧಕ್ಕೆ ಮೊಟ್ಟಮೊದಲು ತಪ್ಪಿತಸ್ಥನೆಂದು ತೀರ್ಪು ಕೊಟ್ಟದ್ದು 1998ರ ಸೆಪ್ಟೆಂಬರ್ 2ರಂದು, ತಾಬಾ ಊರಿನ ಮೇಯರ್ ಜಾನ್ ಪಾಲ್ ಅಕಾಯೆಸು ಎಂಬವನಿಗೆ. ಅವನು ಹಿಂದೆ ಶಿಕ್ಷಕ, ಶಾಲಾ ಇನ್‌ಸ್ಪೆಕ್ಟರ್. ವಿದ್ಯೆ ಕಲಿಸುವ ನಮಗೆ ಇದು ತಲೆತಗ್ಗಿಸುವ ಸಂಗತಿ.

ರುವಾಂಡಾದ ಅಲ್ಪಸಂಖ್ಯಾತ ಮುಸ್ಲಿಮರಲ್ಲಿ ಅನೇಕರು ಹತ್ಯೆಯಿಂದ ದೂರ ಉಳಿದು, ಮನೆ ಮಸೀದಿಗಳಲ್ಲಿ ನೆರೆಯವರನ್ನು ಬಚ್ಚಿಟ್ಟರು ಎಂಬುದು ನೆಮ್ಮದಿಯ ವಿಷಯ. ಆದರೆ ದ್ವೇಷ ಹರಡಿದ 'ಕಂಗೂರಾ' ಪತ್ರಿಕೆಯ ಸಂಪಾದಕ ಹಸನ್ ಎನ್‌ಗೇಜೆ ಕೂಡ ಮುಸ್ಲಿಮನೇ ಎಂಬುದನ್ನು ಹೇಳದೆ ಇರುವುದು ಅಪ್ರಾಮಾಣಿಕತೆ.

ಬೋಸ್ನಿಯಾ ಮತ್ತು ಆಮೇಲೆ

1992ರ ಮೇ 31ರಂದು ಬೋಸ್ನಿಯಾದ ಪ್ರಿಯೆದೋರ್ ಊರಿನಲ್ಲಿ ಸರ್ಬರಲ್ಲದವರು ಮನೆಗಳಿಗೆ ಬಿಳಿ ಬಟ್ಟೆ ಕಟ್ಟಬೇಕು, ಹೊರಗೆ ಹೋಗುವಾಗ ತೋಳಿಗೆ ಬಿಳಿ ಪಟ್ಟಿ ಧರಿಸಬೇಕು ಎಂಬ ಆಜ್ಞೆಯಾಯಿತು. ಮುಂದೆ ಅವರಲ್ಲಿ ಸಾವಿರಾರು ಜನ ಶಿಬಿರಗಳನ್ನು ಸೇರಿದರು. 1995ರ ಜುಲೈಯಲ್ಲಿ, ವಿಶ್ವಸಂಸ್ಥೆಯೇ 'ಸುರಕ್ಷಿತ ಪ್ರದೇಶ'ವೆಂದು ಘೋಷಿಸಿದ್ದ ಸ್ರೆಬ್ರೆನಿಕಾದಲ್ಲಿ, 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೆಲವೇ ದಿನಗಳಲ್ಲಿ ಕೊಲ್ಲಲಾಯಿತು. ಸೇನಾಪತಿ ರಾಟ್ಕೊ ಮ್ಲಾದಿಚ್‌ಗೆ 2017ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2024ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಜುಲೈ 11ನ್ನು ಇದರ ಸ್ಮರಣೆಯ ದಿನವೆಂದು ಘೋಷಿಸಿತು.

ಹೊಸ ಶತಮಾನದಲ್ಲೂ ಇದು ನಿಂತಿಲ್ಲ. 2014ರಲ್ಲಿ ಇರಾಕಿನ ಸಿಂಜಾರಿನಲ್ಲಿ ಇಸ್ಲಾಮಿನ ಹೆಸರು ಹೇಳಿಕೊಂಡ ಐಸಿಸ್ ಉಗ್ರರು ಯಜೀದಿ ಜನರನ್ನು ಕೊಂದು, ಅವರ ಹೆಣ್ಣುಮಕ್ಕಳನ್ನು ಮಾರಿದರು. 2017ರಲ್ಲಿ ಮ್ಯಾನ್ಮಾರ್ ಸೇನೆಯ ದೌರ್ಜನ್ಯದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿದರು. ಅವರ ಪೌರತ್ವವನ್ನು 1982ರ ಕಾನೂನು ಮೊದಲೇ ಕಿತ್ತುಕೊಂಡಿತ್ತು. ಅಲ್ಲಿ ದ್ವೇಷ ಹರಡಿದ್ದು ರೇಡಿಯೋದಿಂದಲ್ಲ, ಮೊಬೈಲ್ ಫೋನಿನ ಫೇಸ್‌ಬುಕ್‌ನಿಂದ. ಗಾಜಾದ ವಿಷಯದಲ್ಲಿ ದಕ್ಷಿಣ ಆಫ್ರಿಕವು 2023ರ ಡಿಸೆಂಬರಿನಲ್ಲಿ ಇಸ್ರೇಲ್ ವಿರುದ್ಧ ಇದೇ 1948ರ ಒಪ್ಪಂದದಡಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. 2024ರ ಜನವರಿಯಲ್ಲಿ ನ್ಯಾಯಾಲಯ ತಾತ್ಕಾಲಿಕ ಆದೇಶಗಳನ್ನು ನೀಡಿತು. ಇಸ್ರೇಲ್ ಈ ಆರೋಪವನ್ನು ನಿರಾಕರಿಸಿದೆ.

ನಮ್ಮ ಹೊಣೆ

ಇಷ್ಟು ಪುಟಗಳನ್ನು ತಿರುವಿದ ಮೇಲೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ನರಮೇಧ ಮಚ್ಚಿನಿಂದ ಆರಂಭವಾಗುವುದಿಲ್ಲ, ಮಾತಿನಿಂದ ಆರಂಭವಾಗುತ್ತದೆ. ನೆರೆಯವನಿಗೆ ಕ್ರಿಮಿಯ, ಪ್ರಾಣಿಯ ಹೆಸರಿಡುವುದು ಅದರ ಮೊದಲ ಮೆಟ್ಟಿಲು. ಪರಸ್ಪರ ಅಡ್ಡಹೆಸರಿಟ್ಟು ಹೀಯಾಳಿಸಬೇಡಿ ಎಂಬ ಸೂರಃ ಅಲ್ ಹುಜುರಾತ್‌ನ ಆದೇಶವನ್ನು ನಾವು ಸಣ್ಣ ಶಿಷ್ಟಾಚಾರವೆಂದು ತಿಳಿದಿದ್ದೇವೆ. ರುವಾಂಡಾವನ್ನು ಓದಿದ ಮೇಲೆ ಅದರ ತೂಕ ಅರ್ಥವಾಗುತ್ತದೆ. ಆಟದ ಮೈದಾನದಲ್ಲಿ ಒಂದು ಮಗು ಇನ್ನೊಂದು ಮಗುವನ್ನು ಜಾತಿಯ, ಧರ್ಮದ ಹೆಸರು ಹಿಡಿದು ಜರೆದಾಗ ನಕ್ಕು ಸುಮ್ಮನಾಗಬಾರದು. ಆ ಮಗು ನಮ್ಮದಾದರೆ ಇನ್ನೂ ಸುಮ್ಮನಿರಬಾರದು.

ಎರಡನೆಯದಾಗಿ, ಮಾತಿನ ನಂತರ ಪಟ್ಟಿ ಬರುತ್ತದೆ, ಪಟ್ಟಿಯ ನಂತರ ಬೇರ್ಪಡಿಸುವಿಕೆ, ಆನಂತರ ಸಾವು. ಈ ಮೆಟ್ಟಿಲುಗಳ ನಡುವೆ ವರ್ಷಗಳ ಅಂತರವಿರುತ್ತದೆ. ತಡೆಯುವವರಿದ್ದರೆ ಆಗಲೇ ತಡೆಯಬಹುದು.

ಮೂರನೆಯದಾಗಿ, ಮೊಬೈಲಿಗೆ ಬಂದ ಪ್ರತಿ ವೀಡಿಯೊವನ್ನೂ ಮುಂದಕ್ಕೆ ಕಳಿಸುವ ಮೊದಲು ಇದು ನಿಜವೇ, ಇದರಿಂದ ಯಾರ ಮನೆಗೆ ಬೆಂಕಿ ಬೀಳಬಹುದು ಎಂದು ಕೇಳಿಕೊಳ್ಳುವುದನ್ನು ಮಕ್ಕಳಿಗೂ ಪಾಲಕರಿಗೂ ಕಲಿಸಬೇಕು.

ನಾಲ್ಕನೆಯದಾಗಿ, ಅಂಕಗಳ ಜೊತೆಗೆ ಅಂತಃಕರಣವೂ ಬೆಳೆಯಬೇಕು. ನಮ್ಮ ಸಂಸ್ಥೆಗಳಿಂದ ಡಾಕ್ಟರುಗಳು, ಇಂಜಿನಿಯರುಗಳು ಬರಲಿ ಎಂದು ನಾವೆಲ್ಲ ದುಆ ಮಾಡುತ್ತೇವೆ. ವಾನ್‌ಸೀಯಲ್ಲಿ ಕುಳಿತವರೂ ಪದವೀಧರರೇ ಎಂಬುದನ್ನು ಮರೆಯದಿರೋಣ.

ಕೊನೆಯದಾಗಿ ರುವಾಂಡಾದ ಇನ್ನೊಂದು ಶಾಲೆಯ ಸಂಗತಿ. 1997ರ ಮಾರ್ಚ್ 18ರ ರಾತ್ರಿ ಎನ್‌ಯಾಂಗೆ ಎಂಬ ಊರಿನ ಪ್ರೌಢಶಾಲೆಯಲ್ಲಿ ಮಕ್ಕಳು ಓದುತ್ತಿದ್ದಾಗ ಶಸ್ತ್ರಧಾರಿಗಳು ತರಗತಿಗೆ ನುಗ್ಗಿದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಇನ್ನೊಂದು ಕಡೆ ನಿಲ್ಲಿ ಎಂದು ಆಜ್ಞಾಪಿಸಿದರು. ಹುಟು ಮಕ್ಕಳು ಪಕ್ಕಕ್ಕೆ ಸರಿದಿದ್ದರೆ ಬದುಕಿಕೊಳ್ಳುತ್ತಿದ್ದರು. ಯಾರೂ ಸರಿಯಲಿಲ್ಲ. ನಾವೆಲ್ಲರೂ ರುವಾಂಡಾದವರು ಎಂಬುದೇ ಅವರ ಉತ್ತರವಾಗಿತ್ತು. ಗುಂಡು, ಗ್ರೆನೇಡುಗಳ ದಾಳಿಯಲ್ಲಿ ಕೆಲವು ಮಕ್ಕಳು ಸತ್ತರು, ಹಲವರು ಗಾಯಗೊಂಡರು. ಆ ದೇಶ ಇಂದು ಅವರನ್ನು ರಾಷ್ಟ್ರವೀರರೆಂದು ಗೌರವಿಸುತ್ತದೆ.

ಅದೇ ದೇಶದ ಹಿಂದಿನ ತಲೆಮಾರಿನ ಶಿಕ್ಷಕರು ಮಕ್ಕಳನ್ನು ಎದ್ದು ನಿಲ್ಲಿಸಿ ಬೇರೆ ಮಾಡುವುದನ್ನು ಕಲಿಸಿದ್ದರು. ಈ ಮಕ್ಕಳು ಒಟ್ಟಿಗೆ ನಿಲ್ಲುವುದನ್ನು ಕಲಿತಿದ್ದರು. ನಮ್ಮ ಶಾಲೆಗಳು ಇವೆರಡರಲ್ಲಿ ಯಾವುದನ್ನು ಕಲಿಸುತ್ತಿವೆ ಎಂದು ಶಿಕ್ಷಕರು, ಪಾಲಕರು, ಆಡಳಿತ ಮಂಡಳಿಯ ಹಿರಿಯರು ಎಲ್ಲರೂ ಕೇಳಿಕೊಳ್ಳಬೇಕು. ಮುಂದಿನ ಸಲ ತರಗತಿಯಲ್ಲಿ ಮಗುವೊಂದು "ಸತ್ತವರಲ್ಲಿ ನಮ್ಮವರು ಎಷ್ಟು ಜನ?" ಎಂದು ಕೇಳಿದರೆ, ಸತ್ತವರೆಲ್ಲರೂ ನಮ್ಮವರೇ ಎಂದು ಅಳುಕಿಲ್ಲದೆ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.